ಮಾತೆಯ ಹೆಸರಿನ ಹಡಗು
ಕಡಲಡಿಯ ನಿಧಿಯನ್ನು ಅರಸಿದವರ ಚರಿತ್ರೆ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ನಮ್ಮ ಮನೆಗಳಲ್ಲಿ ಅದು ಹೊಸ ತೆನೆಯ ಹಬ್ಬ. ಬೆಂಗಳೂರಿನ ಶಿವಾಜಿನಗರದ ಬಸಿಲಿಕದಲ್ಲಿ ಅದು ರಥೋತ್ಸವದ ದಿನ. ವೇಳಾಂಕಣ್ಣಿಗೆ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಹೋಗುವವರಿಗೆ ಅದು ಆರೋಗ್ಯ ಮಾತೆಯ ಹಬ್ಬ. ವೇಳಾಂಕಣ್ಣಿಯ ಪರಂಪರೆ ನಮಗೆಲ್ಲ ಗೊತ್ತಿರುವುದೇ. ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರ ವ್ಯಾಪಾರದ ಹಡಗೊಂದು ಬಿರುಗಾಳಿಗೆ ಸಿಕ್ಕಿತು. ನಾವಿಕರು ಮೊಣಕಾಲೂರಿ ಮಾತೆಗೆ ಮೊರೆಯಿಟ್ಟರು. ಹಡಗು ಸುರಕ್ಷಿತವಾಗಿ ದಡ ಸೇರಿತು. ಆ ದಿನ ಸೆಪ್ಟೆಂಬರ್ 8 ಆಗಿತ್ತೆಂದು ಭಕ್ತರು ಹೇಳುತ್ತಾ ಬಂದಿದ್ದಾರೆ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ನಾವು ನವದಿನದ ಒಂದು ಸಂಜೆ ಇದೇ ಪ್ರಸಂಗವನ್ನು ಪ್ರಬೋಧನೆಯಲ್ಲಿ ವಿವರಿಸಿದೆವು. ಬಲಿಪೂಜೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಬಳಿ ಒಬ್ಬ ಹಿರಿಯ ಮೀನುಗಾರರು ನಮಗಾಗಿ ಕಾದು ನಿಂತಿದ್ದರು. ಅವರ ತಮ್ಮ ದೋಣಿಯಲ್ಲಿ ಹೋದವನು ಮರಳಿ ಬಂದಿರಲಿಲ್ಲ. ದೇಹವೂ ಸಿಕ್ಕಿರಲಿಲ್ಲ. ಅವರು ಮೆಲ್ಲಗೆ ಕೇಳಿದರು: "ಫಾದರ್, ಆ ಹಡಗನ್ನು ಮಾತೆ ಉಳಿಸಿದರು, ಒಪ್ಪಿದೆ. ಮುಳುಗಿದ ಹಡಗುಗಳಲ್ಲಿ ಜಪಸರ ಹಿಡಿದವರು ಯಾರೂ ಇರಲಿಲ್ಲವೋ?"

ಗುರುಮಠದಲ್ಲಿ ನಾವು ಓದಿದ ಯಾವ ಪಾಠವೂ ಆ ಹೊತ್ತಿನಲ್ಲಿ ನೆರವಿಗೆ ಬರಲಿಲ್ಲ. ಅವರ ಕೈ ಹಿಡಿದುಕೊಂಡು ಸುಮ್ಮನೆ ನಿಂತೆವು. ಆ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ಎದುರಾದದ್ದು ಮಾತೆಯ ಹೆಸರನ್ನೇ ಹೊತ್ತು, ಮಾತೆಯ ಹಬ್ಬಕ್ಕೆ ಎರಡೇ ದಿನ ಇರುವಾಗ ಮುಳುಗಿದ ಒಂದು ಸ್ಪೇನ್ ಹಡಗಿನ ಚರಿತ್ರೆ. ಅದರೊಳಗಿದ್ದ ನಿಧಿಯನ್ನು ಜನರು ಮುನ್ನೂರ ಅರವತ್ತು ವರ್ಷಗಳಿಗೂ ಹೆಚ್ಚು ಕಾಲದ ಅಂತರದಲ್ಲಿ ಮತ್ತೆ ಮತ್ತೆ ಹುಡುಕಿದರು. ಆ ಕಥೆಯನ್ನು ಈ ಹಬ್ಬದ ಸಂದರ್ಭದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಸಾವಿರದ ಆರುನೂರ ಇಪ್ಪತ್ತೆರಡು

ಹಡಗಿನ ಹೆಸರು 'ನುಯೆಸ್ತ್ರಾ ಸೆನ್ಯೋರಾ ದೆ ಅತೋಚಾ', ಅಂದರೆ ಅತೋಚಾದ ನಮ್ಮ ಮಾತೆ. ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿರುವ ಪ್ರಸಿದ್ಧ ಮಾತೆಯ ದೇವಾಲಯವೊಂದರ ಹೆಸರು ಅದು. 1620ರಲ್ಲಿ ಕ್ಯೂಬಾ ದ್ವೀಪದ ಹವಾನಾದಲ್ಲಿ ಈ ಹಡಗು ಕಟ್ಟಲ್ಪಟ್ಟಿತು.

1622 ಧರ್ಮಸಭೆಯ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಆ ವರ್ಷದ ಮಾರ್ಚ್ 12ರಂದು ಜಗದ್ಗುರು ಹದಿನೈದನೇ ಗ್ರೆಗೋರಿಯವರು ಇಗ್ನಾಸಿಯವರನ್ನೂ, ನಮ್ಮ ನಾಡಿಗೆ ಬಂದ ಫ್ರಾನ್ಸಿಸ್ ಝೇವಿಯರರನ್ನೂ, ಆವಿಲಾದ ತೆರೇಸಮ್ಮನವರನ್ನೂ, ರೈತರಾದ ಇಸಿದೋರರನ್ನೂ, ರೋಮಿನ ಫಿಲಿಪ್ ನೇರಿಯವರನ್ನೂ ಒಂದೇ ದಿನ ಸಂತರೆಂದು ಸಾರಿದರು. ಐವರಲ್ಲಿ ನಾಲ್ವರು ಸ್ಪೇನ್ ದೇಶದವರು. ಆ ದೇಶದ ಬೀದಿಬೀದಿಗಳಲ್ಲಿ ಸಂಭ್ರಮವಿತ್ತು. ಅದೇ ವಸಂತದಲ್ಲಿ ಅಮೆರಿಕದ ಬೆಳ್ಳಿಯನ್ನು ತರಲು ಸ್ಪೇನಿನಿಂದ ಹಡಗುಗಳ ದಂಡು ಹೊರಟಿತು.

ಸಂಭ್ರಮದ ಹಿಂದೆ ಸಾಲವಿತ್ತು. ಹದಿಹರೆಯದಲ್ಲೇ ಪಟ್ಟಕ್ಕೇರಿದ್ದ ಅರಸ ನಾಲ್ಕನೇ ಫಿಲಿಪ್‌ನಿಗೆ ಜರ್ಮನಿಯ ಕಡೆ ಒಂದು ಯುದ್ಧ, ಡಚ್ಚರೊಡನೆ 1621ರಲ್ಲಿ ಮತ್ತೆ ಹೊತ್ತಿದ ಇನ್ನೊಂದು ಯುದ್ಧ. ಸೈನಿಕರ ಸಂಬಳ, ಬಡ್ಡಿ ವ್ಯಾಪಾರಿಗಳ ಕಂತು, ಎಲ್ಲವೂ ಕಡಲಾಚೆಯಿಂದ ಬರುವ ಬೆಳ್ಳಿಯನ್ನೇ ನೆಚ್ಚಿಕೊಂಡಿದ್ದವು. ಹಡಗು ತಡವಾದರೆ ಅರಸೊತ್ತಿಗೆಯೇ ಅಲುಗಾಡುವ ಸ್ಥಿತಿ.

ನಮ್ಮ ನಾಡಿಗೂ ಈ ಬೆಳ್ಳಿಗೂ ನಂಟಿಲ್ಲದೆ ಇರಲಿಲ್ಲ. ಆಗ ಪೋರ್ಚುಗಲ್ ಕೂಡ ಸ್ಪೇನಿನ ಅರಸನ ಕೈಕೆಳಗೇ ಇತ್ತು. ಗೋವೆಯೂ, ಮಂಗಳೂರು, ಬಸ್ರೂರು, ಹೊನ್ನಾವರಗಳಲ್ಲಿದ್ದ ಪೋರ್ಚುಗೀಸ್ ಕೋಟೆಗಳೂ ಅದೇ ಅರಸನ ಹೆಸರಿನಲ್ಲಿದ್ದವು. ನಮ್ಮ ಘಟ್ಟದ ಮೆಣಸನ್ನು ಕೊಳ್ಳಲು ಲಿಸ್ಬನ್ನಿನಿಂದ ಗೋವೆಗೆ ಬರುತ್ತಿದ್ದುದು ಅಮೆರಿಕದ ಗಣಿಗಳಿಂದ ತೆಗೆದ ಬೆಳ್ಳಿಯ ನಾಣ್ಯಗಳೇ. ಅಲ್ಲಿಯ ಮೂಸೋ ಗಣಿಗಳ ಪಚ್ಚೆ ಹರಳುಗಳೂ ಗೋವೆಯ ದಾರಿಯಾಗಿ ಮೊಘಲರ ಅರಮನೆಗಳನ್ನು ಸೇರುತ್ತಿದ್ದವು.

ಬೆಳ್ಳಿ ಬಂದ ದಾರಿ

ಆ ಬೆಳ್ಳಿ ಎಲ್ಲಿಂದ ಬರುತ್ತಿತ್ತು? ಇಂದಿನ ಬೊಲಿವಿಯ ದೇಶದಲ್ಲಿ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ ಪೊಟೋಸಿ ಎಂಬ ಊರಿದೆ. ಅದರ ನೆತ್ತಿಯ ಮೇಲೆ ನಿಂತ ಬೆಟ್ಟವೇ ಬೆಳ್ಳಿಯ ಬೆಟ್ಟ. 1570ರ ದಶಕದಲ್ಲಿ ವೈಸರಾಯ್ ತೊಲೇದೊ 'ಮಿತಾ' ಎಂಬ ಬಿಟ್ಟಿ ದುಡಿಮೆಯ ಕಟ್ಟಳೆಯನ್ನು ಹೇರಿದ. ಸುತ್ತಲ ಸೀಮೆಗಳ ಮೂಲನಿವಾಸಿ ಗಂಡಸರಲ್ಲಿ ಏಳರಲ್ಲೊಬ್ಬ ಸರದಿಯಂತೆ ಪ್ರತಿವರ್ಷ ಗಣಿಗೆ ಇಳಿಯಬೇಕು. ಮೊಂಬತ್ತಿಯ ಬೆಳಕಿನಲ್ಲಿ ಅದಿರಿನ ಮೂಟೆ ಹೊತ್ತು ತೊಗಲಿನ ಏಣಿಗಳನ್ನು ಹತ್ತಬೇಕು. ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸಲು ಪಾದರಸ ಬೆರೆಸಿ ತುಳಿಯಬೇಕು. ಕಲ್ಲಿನ ಧೂಳು ಶ್ವಾಸಕೋಶವನ್ನೂ ಪಾದರಸ ನರಗಳನ್ನೂ ತಿನ್ನುತ್ತಿತ್ತು.

ಹಾಗೆ ತೆಗೆದ ಬೆಳ್ಳಿಯನ್ನು ಗಟ್ಟಿ ಹೊಯ್ದು, ಪ್ರತಿಯೊಂದು ಗಟ್ಟಿಗೂ ಸಂಖ್ಯೆ, ತೂಕ, ಶುದ್ಧತೆ, ಒಡೆಯನ ಗುರುತು, ತೆರಿಗೆಯ ಮುದ್ರೆ ಒತ್ತುತ್ತಿದ್ದರು. ಐದರಲ್ಲೊಂದು ಪಾಲು ಅರಸನದು. ಲಾಮಾ ಎಂಬ ಪ್ರಾಣಿಗಳ ಬೆನ್ನ ಮೇಲೆ ಬೆಟ್ಟ ಇಳಿದು, ಹಡಗಿನಲ್ಲಿ ಪನಾಮಕ್ಕೆ ಬಂದು, ಹೇಸರಗತ್ತೆಗಳ ಮೇಲೆ ಕಾಡು ದಾಟಿ ಬೆಳ್ಳಿ ಪೋರ್ತೊಬೆಲೊ ಬಂದರನ್ನು ಸೇರುತ್ತಿತ್ತು. ಅತೋಚಾ ಅದನ್ನು ಅಲ್ಲಿ ತುಂಬಿಸಿಕೊಂಡು ಜುಲೈ ಕೊನೆಯ ಹೊತ್ತಿಗೆ ಕಾರ್ತಹೇನಾ ಬಂದರಿಗೆ ಬಂದಿತು.

ಪ್ರಿಯರೇ, ಕಾರ್ತಹೇನಾದಲ್ಲಿ ಕ್ಷಣಕಾಲ ನಿಲ್ಲೋಣ. ಅದು ಆಫ್ರಿಕದಿಂದ ಕಟ್ಟಿ ತಂದ ಗುಲಾಮರನ್ನು ಇಳಿಸುತ್ತಿದ್ದ ಬಂದರು. ಅಲ್ಲಿ ಯೇಸುಸಭೆಯ ಒಬ್ಬ ಗುರುಗಳಿದ್ದರು. ಗುಲಾಮರ ಹಡಗು ಬಂತೆಂದರೆ ದುಭಾಷಿಗಳನ್ನು ಕರೆದುಕೊಂಡು, ಹಣ್ಣು, ನೀರು, ಔಷಧಿ ಹೊತ್ತು ದೋಣಿಯಲ್ಲಿ ಎದುರು ಹೋಗುತ್ತಿದ್ದರು. ಯಾರೂ ಕಾಲಿಡಲಾರದ ಆ ಹಡಗಿನ ಹೊಟ್ಟೆಯೊಳಗಿಳಿದು ಹುಣ್ಣು ತೊಳೆಯುತ್ತಿದ್ದರು, ಸಾಯುವವರಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು. ಅವರೇ ಸಂತ ಪೀಟರ್ ಕ್ಲೇವರ್. 1622ರ ಏಪ್ರಿಲ್ 3ರಂದು ತಮ್ಮ ಅಂತಿಮ ವ್ರತಗಳನ್ನು ಕೈಗೊಂಡಾಗ ಅವರು ತಮ್ಮ ಸಹಿಯೊಡನೆ, ಎಂದೆಂದಿಗೂ ತಾವು ಆಫ್ರಿಕದವರ ಗುಲಾಮರೆಂದು ಬರೆದರು. ಅದಾದ ನಾಲ್ಕು ತಿಂಗಳೊಳಗೆ ಅತೋಚಾ ಅದೇ ಬಂದರಿನಲ್ಲಿ ಲಂಗರು ಹಾಕಿತ್ತು. ಒಂದೇ ದಡ, ಒಂದೇ ವರ್ಷ, ಒಂದೇ ಶಿಲುಬೆಯ ಗುರುತು. ಒಂದೆಡೆ ಬೆಳ್ಳಿಯನ್ನು ಎಣಿಸುತ್ತಿದ್ದರು, ಇನ್ನೊಂದೆಡೆ ಒಬ್ಬ ಗುರು ಮನುಷ್ಯರನ್ನು ಎಣಿಸುತ್ತಿದ್ದ.

ಬಿರುಗಾಳಿ

ಹಡಗುಗಳ ದಂಡು ಆಗಸ್ಟ್ ಕೊನೆಯ ಭಾಗದಲ್ಲಿ ಹವಾನಾ ಸೇರಿದಾಗ ಆರು ವಾರ ತಡವಾಗಿತ್ತು. ಅದು ಚಂಡಮಾರುತಗಳ ಕಾಲ. ಆದರೆ ಅರಸನಿಗೆ ಹಣ ಬೇಕಿತ್ತು. ಸೆಪ್ಟೆಂಬರ್ 4ರಂದು ಆಕಾಶ ತಿಳಿಯಾಗಿತ್ತು. 28 ಹಡಗುಗಳು ಹಾಯಿ ಬಿಚ್ಚಿದವು. ಕಾದೆರೇತಾದ ಮಾರ್ಕ್ವಿಸ್ ದಂಡಿನ ನಾಯಕ. 20 ಕಂಚಿನ ಫಿರಂಗಿಗಳನ್ನು ಹೊತ್ತ ಅತೋಚಾ ಎಲ್ಲರ ಕೊನೆಯಲ್ಲಿ, ಹಿಂದುಳಿದವರ ಕಾವಲಿಗೆಂದು ಸಾಗುತ್ತಿತ್ತು. ಬಲವಾದ ಹಡಗೆಂದು ನಂಬಿ ಶ್ರೀಮಂತರೂ ಅಧಿಕಾರಿಗಳೂ ಅದರಲ್ಲೇ ಜಾಗ ಹಿಡಿದಿದ್ದರು. ಅದರಲ್ಲಿದ್ದವರು ಒಟ್ಟು 265 ಮಂದಿ.

ಸರಕು ಹೀಗಿತ್ತು: ಸುಮಾರು ಸಾವಿರ ಬೆಳ್ಳಿ ಗಟ್ಟಿಗಳು, ಪೆಟ್ಟಿಗೆಗಟ್ಟಲೆ ಬೆಳ್ಳಿ ನಾಣ್ಯ, ಚಿನ್ನದ ಸಲಾಕೆಗಳು, ತಾಮ್ರ, ನೀಲಿ, ಹೊಗೆಸೊಪ್ಪು. ಪಟ್ಟಿಯಲ್ಲಿ ಇದ್ದದ್ದು ಇಷ್ಟು. ಅರಸನ ಐದನೆಯ ಪಾಲನ್ನು ತಪ್ಪಿಸಲು ಬಟ್ಟೆಯ ಮಡಿಕೆಯಲ್ಲೂ ಪೆಟ್ಟಿಗೆಯ ತಳದಲ್ಲೂ ಬಚ್ಚಿಟ್ಟ ಚಿನ್ನ, ಪಚ್ಚೆಗಳು ಪಟ್ಟಿಯಲ್ಲಿ ಇರಲಿಲ್ಲ. ಸಮುದ್ರದಡಿಯಿಂದ ಅವು ಮೇಲೆ ಬಂದಾಗಲೇ ಆ ಗುಟ್ಟು ರಟ್ಟಾಯಿತು.

ಸೆಪ್ಟೆಂಬರ್ 5ರಂದು ಗಾಳಿ ಎದ್ದಿತು. ಹಾಯಿಗಳು ಹರಿದವು, ಕಂಬಗಳು ಮುರಿದವು. ರಾತ್ರಿ ಗಾಳಿ ದಕ್ಷಿಣಕ್ಕೆ ತಿರುಗಿ ಹಡಗುಗಳನ್ನು ಫ್ಲಾರಿಡಾದ ಹವಳದ ಬಂಡೆಗಳತ್ತ ನೂಕಿತು. ಹೆಚ್ಚಿನ ಹಡಗುಗಳು ಹೇಗೋ ಬಂಡೆಗಳನ್ನು ದಾಟಿ ಪಶ್ಚಿಮದ ಆಳ ನೀರಿಗೆ ಸೇರಿ ಉಳಿದವು. ಎಂಟು ಹಡಗುಗಳು ಕಳೆದುಹೋದವು. 6ರ ಬೆಳಿಗ್ಗೆ ಅತೋಚಾ ಬಂಡೆಗೆ ಬಡಿಯಿತು. ಜನ ಒಳಗೇ ಇದ್ದರು. ಹಡಗು ನೆಟ್ಟಗೆ ತಳ ಸೇರಿತು. ಹಿಂಬದಿಯ ಹಾಯಿಕಂಬದ ತುದಿ ಮಾತ್ರ ನೀರಿನ ಮೇಲಿತ್ತು. ಮರುದಿನ ಇನ್ನೊಂದು ಹಡಗಿನವರು ಅಲ್ಲಿಗೆ ಬಂದಾಗ ಐವರು ಅದನ್ನು ಅಪ್ಪಿಕೊಂಡಿದ್ದರು. ಮೂವರು ನಾವಿಕರು, ಇಬ್ಬರು ಗುಲಾಮರು. ಉಳಿದ 260 ಮಂದಿಯನ್ನು ಕಡಲು ತೆಗೆದುಕೊಂಡಿತು. ಅದೇ ದಿನ ಕೆಲವೇ ಮೈಲಿ ದೂರದಲ್ಲಿ 'ಸಾಂತಾ ಮಾರ್ಗರೀತಾ' ಎಂಬ ಇನ್ನೊಂದು ಬೆಳ್ಳಿ ಹಡಗೂ ಒಡೆಯಿತು.

ಎರಡು ದಿನದ ಬಳಿಕ ಮಾತೆಯ ಜನನೋತ್ಸವ. ಹವಾನಾದ ದೇವಾಲಯಗಳಲ್ಲಿ ಹಬ್ಬದ ಗಂಟೆ ಬಾರಿಸುವ ದಿನ.

ಮೊದಲ ಹುಡುಕಾಟ

ಸುದ್ದಿ ತಲಪಿದ ಕೂಡಲೇ ಗಾಸ್ಪರ್ ದೆ ವರ್ಗಾಸ್ ಎಂಬ ಅನುಭವಿ ಅಧಿಕಾರಿಯನ್ನು ಕಳುಹಿಸಿದರು. ಅವನು ಅತೋಚಾವನ್ನು ಕಂಡ. 55 ಅಡಿ ಆಳದಲ್ಲಿ ಹಡಗು ಇಡಿಯಾಗಿಯೇ ಇತ್ತು. ಆದರೆ ಮುಚ್ಚಿದ ಬಾಗಿಲುಗಳನ್ನು ಉಸಿರು ಬಿಗಿಹಿಡಿದ ಮುಳುಗುಗಾರರು ಒಡೆಯಲಾರದೆ ಹೋದರು. ಗುರುತು ಇಟ್ಟು, ಬೇರೊಂದು ಹಡಗಿನ ಸರಕು ತೆಗೆಯಲು ಅವನು ಅತ್ತ ಹೋದ. ಅಕ್ಟೋಬರ್ 5ರಂದು ಇನ್ನೊಂದು ಚಂಡಮಾರುತ ಬಂದು ಅತೋಚಾದ ಮೇಲ್ಭಾಗವನ್ನು ಕಿತ್ತು ಒಯ್ದಿತು. ವರ್ಗಾಸ್ ಮರಳಿದಾಗ ನೀರಿನ ಮೇಲೆ ಯಾವ ಗುರುತೂ ಉಳಿದಿರಲಿಲ್ಲ. ಮರುವರ್ಷ ಮಾರ್ಕ್ವಿಸ್ ತಾನೇ ಬಂದು ಹತ್ತಿರದ ಮರಳು ದ್ವೀಪದಲ್ಲಿ ಬಿಡಾರ ಹೂಡಿ ಹುಡುಕಿಸಿದ. ಆ ದ್ವೀಪಗಳಿಗೆ 'ಮಾರ್ಕ್ವಿಸನ ದ್ವೀಪಗಳು' ಎಂದೇ ಹೆಸರಾಯಿತು. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಳುಗುತ್ತಿದ್ದವರು ಯಾರು? ಮುತ್ತು ತೆಗೆಯಲು ಪಳಗಿಸಿದ ಗುಲಾಮರು. ಬಳಿಕ ಈ ಕೆಲಸದ ಗುತ್ತಿಗೆ ಹಿಡಿದ ಫ್ರಾನ್ಸಿಸ್ಕೊ ನುನ್ಯೆಸ್ ಮೆಲಿಯಾನ್ ಸುಮಾರು 300 ಕಿಲೊ ತೂಕದ ಕಂಚಿನ ಗಂಟೆಯೊಂದನ್ನು ಎರಕ ಹೊಯ್ಯಿಸಿದ. ಮಗುಚಿದ ಲೋಟವನ್ನು ನೀರಿಗೆ ಒತ್ತಿದಾಗ ಒಳಗೆ ಗಾಳಿ ಉಳಿಯುವಂತೆ, ಆ ಗಂಟೆಯೊಳಗೆ ಗಾಳಿ ಉಳಿಯುತ್ತಿತ್ತು. ಮುಳುಗುಗಾರ ಅದರೊಳಗೆ ತಲೆಯಿಟ್ಟು ಉಸಿರಾಡಬಹುದಿತ್ತು. ಹಡಗನ್ನು ಮೊದಲು ಕಂಡ ಗುಲಾಮನಿಗೆ ಬಿಡುಗಡೆ ಎಂದು ಮೆಲಿಯಾನ್ ಸಾರಿದ. 1626ರ ಜೂನ್‌ನಲ್ಲಿ ಹುವಾನ್ ಬಾನ್ಯೋನ್ ಎಂಬ ಗುಲಾಮ ಸಾಂತಾ ಮಾರ್ಗರೀತಾವನ್ನು ಕಂಡು, ಬೆಳ್ಳಿ ಗಟ್ಟಿಯೊಂದನ್ನು ಹೊತ್ತು ಮೇಲೆ ಬಂದು ಬಿಡುಗಡೆ ಹೊಂದಿದ. ಆ ಹಡಗಿನಿಂದ 350ಕ್ಕೂ ಹೆಚ್ಚು ಗಟ್ಟಿಗಳು ಮೇಲೆ ಬಂದವು. ಅತೋಚಾ ಮಾತ್ರ ಸಿಗಲೇ ಇಲ್ಲ. ಕಾಲ ಸರಿಯಿತು, ಸ್ಪೇನಿನ ಸಾಮ್ರಾಜ್ಯವೂ ಸರಿಯಿತು. ಮರಳು ಎಲ್ಲವನ್ನೂ ಮುಚ್ಚಿತು.

ಕಾಗದದ ಹುಳು ತಿಂದ ಸಾಲುಗಳು

ಇಪ್ಪತ್ತನೆಯ ಶತಮಾನದಲ್ಲಿ ಈ ಹುಡುಕಾಟವನ್ನು ಮತ್ತೆ ಎತ್ತಿಕೊಂಡವರು ಅಮೆರಿಕದ ಮೆಲ್ ಫಿಶರ್. 1922ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯದಲ್ಲಿ ಮನೆಯವರ ಕೋಳಿಸಾಕಣೆಯ ಕೆಲಸ ಮಾಡುತ್ತಾ ಮುಳುಗುಸಾಮಾನಿನ ಅಂಗಡಿ ತೆರೆದರು. ಪತ್ನಿ ಡಿಯೊ ಕೂಡ ನುರಿತ ಮುಳುಗುಗಾರ್ತಿ. 1959ರಲ್ಲಿ 50 ಗಂಟೆಗೂ ಹೆಚ್ಚು ಹೊತ್ತು ನೀರಿನೊಳಗಿದ್ದು ದಾಖಲೆ ಮಾಡಿದವರು. 1963ರಲ್ಲಿ ಕುಟುಂಬ ಫ್ಲಾರಿಡಾಕ್ಕೆ ಬಂದಿತು. ದೋಣಿಯ ಹಿಂಬದಿಯ ತಿರುಗುರೆಕ್ಕೆಗಳ ಮೇಲೆ ದೊಡ್ಡ ಬಾಗು ಕೊಳವೆಗಳನ್ನು ಇಳಿಸಿ ತಿಳಿನೀರನ್ನು ತಳಕ್ಕೆ ಒತ್ತಿ ಮರಳನ್ನು ಸರಿಸುವ ಉಪಾಯವನ್ನು ಫಿಶರ್ ರೂಢಿಸಿದರು. ಆಕಾರ ನೋಡಿ ಅದಕ್ಕೆ 'ಅಂಚೆಪೆಟ್ಟಿಗೆ' ಎಂದೇ ಹೆಸರಾಯಿತು. 1969ರ ಸುಮಾರಿಗೆ ಅವರ ಮನಸ್ಸು ಅತೋಚಾದ ಮೇಲೆ ನೆಟ್ಟಿತು.

ಆದರೆ ಅವರು ಹುಡುಕುತ್ತಿದ್ದುದು ತಪ್ಪು ಜಾಗದಲ್ಲಿ. ಹಳೆಯ ಬರಹಗಳಲ್ಲಿ 'ಮಾತಕುಂಬೆ' ಎಂಬ ಹೆಸರಿತ್ತು. ಈಗ ಆ ಹೆಸರು ಹೊತ್ತ ದ್ವೀಪದ ಸುತ್ತ ಎಲ್ಲರೂ ತಡಕಾಡುತ್ತಿದ್ದರು. ಸರಿದಾರಿ ತೋರಿದವರು ಯೂಜೀನ್ ಲಯನ್ ಎಂಬ ಇತಿಹಾಸಕಾರರು. ಸೆವಿಲ್ ನಗರದಲ್ಲಿ ಸ್ಪೇನಿನ ಅಮೆರಿಕ ಆಡಳಿತದ ಕಾಗದಗಳನ್ನೆಲ್ಲ ಇಟ್ಟಿರುವ ಒಂದು ದಾಖಲೆ ಭಂಡಾರವಿದೆ. ಅಲ್ಲಿ ಅವರು ಹುಳು ಕೊರೆದ ಹಾಳೆಗಳ ಮೇಲೆ, ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುತ್ತದೆಂದೇ ತಿಳಿಯದ ಹಳೆಯ ಬರವಣಿಗೆಯನ್ನು ಓದುತ್ತಾ ಹೋದರು. ಮೆಲಿಯಾನನ ಲೆಕ್ಕಪತ್ರದಲ್ಲಿ 'ಮಾರ್ಕ್ವಿಸನ ದ್ವೀಪಗಳು' ಎಂಬ ಮಾತು ಸಿಕ್ಕಿತು. ಹದಿನೇಳನೆಯ ಶತಮಾನದಲ್ಲಿ 'ಮಾತಕುಂಬೆ' ಎಂಬ ಹೆಸರು ಆ ಸಾಲಿನ ದ್ವೀಪಗಳಿಗೆಲ್ಲ ಸಡಿಲವಾಗಿ ಸಲ್ಲುತ್ತಿತ್ತು. ಹುಡುಕಾಟ ನೂರು ಮೈಲಿಯಷ್ಟು ಪಶ್ಚಿಮಕ್ಕೆ, ಕೀ ವೆಸ್ಟ್ ಊರಿನ ಆಚೆಗೆ ಸರಿಯಿತು. ಕಡಲಿನ ನಿಧಿಯ ಬೀಗದ ಕೈ ಕಾಗದದ ಮೇಲಿತ್ತು. ನಮ್ಮ ಧರ್ಮಕೇಂದ್ರಗಳ ಹಳೆಯ ದೀಕ್ಷಾಸ್ನಾನ ಪುಸ್ತಕಗಳನ್ನು ಗೆದ್ದಲಿಗೆ ಬಿಡುವ ನಾವು ಇದನ್ನು ಗಮನಿಸಬೇಕು.

1971ರಲ್ಲಿ ಲಂಗರು ಸಿಕ್ಕಿತು. 1973ರಲ್ಲಿ ನಾಣ್ಯಗಳೂ ಮೂರು ಬೆಳ್ಳಿ ಗಟ್ಟಿಗಳೂ ಸಿಕ್ಕವು. ಒಂದರ ಮೇಲೆ 4584 ಎಂಬ ಸಂಖ್ಯೆಯಿತ್ತು. ಲಯನ್ ಸರಕುಪಟ್ಟಿಯನ್ನು ತೆರೆದರು. ಸಂಖ್ಯೆಯೂ ತೂಕವೂ ತಾಳೆಯಾದವು. ಹಡಗು ಅದೇ ಎಂಬುದು ಖಚಿತವಾಯಿತು. ಆದರೆ ಮುಖ್ಯ ರಾಶಿ ಎಲ್ಲಿ? ಎರಡನೆಯ ಚಂಡಮಾರುತ ವಸ್ತುಗಳನ್ನು ಮೈಲಿಗಟ್ಟಲೆ ಚೆಲ್ಲಿತ್ತು. ಸಂಬಳಕ್ಕೆ ಹಣವಿಲ್ಲ, ಎಣ್ಣೆಗೆ ಹಣವಿಲ್ಲ, ಅನುಮಾನಿಸುವವರಿಗೆ ಮಾತ್ರ ಕೊರತೆಯಿಲ್ಲ. ಫಿಶರ್ ಪ್ರತಿದಿನ ಬೆಳಿಗ್ಗೆ ತನ್ನ ಹುಡುಗರಿಗೆ, ಸಿಗುವ ದಿನ ಇವತ್ತೇ ಎನ್ನುತ್ತಿದ್ದರಂತೆ.

1975ರ ಜುಲೈ 13ರಂದು ಅವರ ಹಿರಿಮಗ ಡರ್ಕ್ ಅತೋಚಾದ ಕಂಚಿನ ಫಿರಂಗಿಗಳನ್ನು ಕಂಡ. ಮನೆಯಲ್ಲಿ ಹಬ್ಬ. ಒಂದು ವಾರವೂ ಕಳೆದಿರಲಿಲ್ಲ. ಜುಲೈ 20ರ ನಸುಕಿನಲ್ಲಿ ಲಂಗರು ಹಾಕಿ ನಿಂತಿದ್ದ ಅವರ ದೋಣಿಗೆ ನೀರು ನುಗ್ಗಿ ಅದು ಮಗುಚಿಕೊಂಡಿತು. ಡರ್ಕ್, ಅವನ ಹೆಂಡತಿ, ಇನ್ನೊಬ್ಬ ಮುಳುಗುಗಾರ, ಮೂವರೂ ತೀರಿಕೊಂಡರು. ಮುಳುಗಿದ ಹಡಗನ್ನು ಹುಡುಕಲು ಹೋದವರೇ ಮುಳುಗಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತೇ? ಮಗನನ್ನು ಕಳೆದುಕೊಂಡ ತಂದೆತಾಯಿಯ ಮನಸ್ಸನ್ನು ನಾವು ತೀರ್ಪು ಮಾಡಲಾರೆವು. ಅವರು ಮುಂದುವರಿದರು. 1980ರಲ್ಲಿ ಸಾಂತಾ ಮಾರ್ಗರೀತಾದ ಉಳಿಕೆ ಸಿಕ್ಕಿತು. ನಿಧಿಯ ಮೇಲಿನ ಹಕ್ಕಿಗಾಗಿ ಫ್ಲಾರಿಡಾ ರಾಜ್ಯದೊಡನೆ ನಡೆದ ವ್ಯಾಜ್ಯ 1982ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಅವರ ಕಡೆಗೆ ತೀರ್ಪಾಯಿತು. 1985ರ ಜುಲೈ 20ರಂದು, ಡರ್ಕ್ ತೀರಿಕೊಂಡು ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಇನ್ನೊಬ್ಬ ಮಗ ಕೇನ್ ದೋಣಿಯಿಂದ ರೇಡಿಯೊದಲ್ಲಿ ಹೇಳಿಕಳುಹಿಸಿದ: ಇನ್ನು ನಕ್ಷೆಗಳ ಅಗತ್ಯವಿಲ್ಲ, ಮುಖ್ಯ ರಾಶಿ ಸಿಕ್ಕಿದೆ. ತಳದಲ್ಲಿ ಬೆಳ್ಳಿ ಗಟ್ಟಿಗಳು ಗೋಡೆಯಂತೆ ಒಟ್ಟಿದ್ದವು. ಹದಿನಾರು ವರ್ಷಗಳ ಹುಡುಕಾಟ. ನಿಧಿಯ ಬೆಲೆ 40 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಪಚ್ಚೆ ಕೂರಿಸಿದ ಚಿನ್ನದ ಶಿಲುಬೆ, ಜಪಸರದ ಮಣಿಗಳು, ಉಂಗುರಗಳು ಮೇಲೆ ಬಂದವು. ನಮ್ಮ ಹಿರಿಯರು ಕೇಳಿದ ಪ್ರಶ್ನೆಗೆ ಸಮುದ್ರವೇ ಉತ್ತರ ಕೊಟ್ಟಂತಾಯಿತು: ಹೌದು, ಮುಳುಗಿದ ಹಡಗಿನಲ್ಲೂ ಜಪಸರ ಹಿಡಿದವರಿದ್ದರು.

ಬೆಳ್ಳಿ ಹುಡುಕುವಾಗ ಸಿಕ್ಕಿದ ಬೇಡಿಗಳು

ಈ ಚರಿತ್ರೆಯಲ್ಲಿ ಅಷ್ಟಾಗಿ ಯಾರೂ ಹೇಳದ ಒಂದು ಅಧ್ಯಾಯವಿದೆ. 1972ರಲ್ಲಿ ಅತೋಚಾವನ್ನು ಹುಡುಕುತ್ತಿದ್ದ ಫಿಶರರ ದೋಣಿಯೊಂದು ಕೀ ವೆಸ್ಟ್‌ನ ಪಶ್ಚಿಮದ ಬಂಡೆಯ ಬಳಿ ಬೇರೊಂದು ಹಡಗಿನ ಅವಶೇಷವನ್ನು ಕಂಡಿತು. ಚಿನ್ನವಿಲ್ಲ, ಬೆಳ್ಳಿಯಿಲ್ಲ. ಸಿಕ್ಕಿದ್ದು ಕಬ್ಬಿಣದ ಬೇಡಿಗಳು. ಹುಡುಕುತ್ತಿದ್ದ ಹಡಗು ಅದಲ್ಲವೆಂದು ದೋಣಿ ಮುಂದೆ ಸಾಗಿತು. 1983ರಲ್ಲಿ ಮತ್ತೆ ಅಲ್ಲಿ ಮುಳುಗಿದಾಗ ಒಂದು ಗಂಟೆ ಸಿಕ್ಕಿತು. ಅದರ ಮೇಲೆ 'ಹೆನ್ರಿಯೆಟಾ ಮೇರಿ, 1699' ಎಂದು ಕೆತ್ತಿತ್ತು. ಅದು ಇಂಗ್ಲಿಷರ ಗುಲಾಮ ಹಡಗು. ಆಫ್ರಿಕದಿಂದ ತಂದವರನ್ನು ಜಮೈಕಾದಲ್ಲಿ ಮಾರಿ ಮರಳುವಾಗ 1700ರಲ್ಲಿ ಮುಳುಗಿತ್ತು. 80ಕ್ಕೂ ಹೆಚ್ಚು ಜೊತೆ ಬೇಡಿಗಳು ಅಲ್ಲಿದ್ದವು. ಕೆಲವು ಮಕ್ಕಳ ಮಣಿಕಟ್ಟಿನ ಅಳತೆಯವು.

1993ರಲ್ಲಿ ಅಮೆರಿಕದ ಕಪ್ಪು ಮುಳುಗುಗಾರರ ಸಂಘದವರು ಆ ಜಾಗದಲ್ಲಿ ನೀರಿನಡಿಯಲ್ಲೇ ಒಂದು ಸ್ಮಾರಕ ಫಲಕವನ್ನು ಇಟ್ಟರು. ಅದರ ಮುಖ ಆಫ್ರಿಕದ ಕಡೆಗಿದೆ. ಬೆಳ್ಳಿ ಹುಡುಕಲು ಹೋದವರ ಕೈಗೆ ಬೇಡಿ ಸಿಕ್ಕಿದ್ದು, ಅದನ್ನು ಬಿಟ್ಟು ಮುಂದೆ ಹೋದದ್ದು, ಹನ್ನೊಂದು ವರ್ಷಗಳ ನಂತರ ಮರಳಿ ಬಂದದ್ದು, ಇದನ್ನು ಓದಿದಾಗ ನಾವು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆವು. ಕೈಗೆ ಸಿಕ್ಕಿದ್ದನ್ನು 'ನಾವು ಹುಡುಕುತ್ತಿದ್ದುದು ಇದಲ್ಲ' ಎಂದು ಬಿಟ್ಟುಹೋಗುವುದು ನಮಗೆ ಹೊಸದೇನಲ್ಲ.

ಈಗ ಹೊಸ ಪ್ರಶ್ನೆಗಳು ಎದ್ದಿವೆ. ಮುಳುಗಿದ ಹಡಗು ಯಾರದು? ಕಂಡವನದೇ, ಕಳುಹಿಸಿದ ದೇಶದ್ದೇ, ಬೆಳ್ಳಿ ಅಗೆದವರ ಮಕ್ಕಳದೇ? 2001ರಲ್ಲಿ ಯುನೆಸ್ಕೊ ನೀರಿನಡಿಯ ಪರಂಪರೆಯನ್ನು ಮಾರಾಟದ ಸರಕಾಗಿಸಬಾರದೆಂಬ ಒಪ್ಪಂದವನ್ನು ಮುಂದಿಟ್ಟಿತು. 1708ರಲ್ಲಿ ಕಾರ್ತಹೇನಾ ಬಳಿ ಸುಮಾರು 600 ಮಂದಿಯೊಡನೆ ಮುಳುಗಿದ 'ಸಾನ್ ಹೊಸೆ' ಹಡಗು 2015ರಲ್ಲಿ ಪತ್ತೆಯಾದಾಗ ಕೊಲಂಬಿಯ, ಸ್ಪೇನ್, ಒಂದು ಅಮೆರಿಕದ ಕಂಪನಿ, ಎಲ್ಲರೂ ಹಕ್ಕು ಸಾರಿದರು. ಬೊಲಿವಿಯದ ಮೂಲನಿವಾಸಿಗಳಾದ ಕಾರಾ ಕಾರಾ ಜನರೂ ದನಿಯೆತ್ತಿದರು: ಆ ಬೆಳ್ಳಿಯನ್ನು ತೆಗೆದವರು ನಮ್ಮ ಪೂರ್ವಿಕರು ಎಂದು. 2024ರಲ್ಲಿ ಕೊಲಂಬಿಯ ಆ ತಾಣವನ್ನು ಸಂರಕ್ಷಿತ ಪುರಾತತ್ವ ಪ್ರದೇಶವೆಂದು ಸಾರಿತು.

ಹಿರಿಯರಿಗೆ ಕೊಟ್ಟ ಉತ್ತರ

ಅತೋಚಾ ಮುಳುಗಿದ್ದು ದುರಾಸೆಗೆ ಬಂದ ಶಿಕ್ಷೆಯೆಂದು ಬರೆದು ಮುಗಿಸುವುದು ಸುಲಭ. ಹಾಗೆ ಬರೆಯಲು ನಮಗೆ ಮನಸ್ಸಾಗಲಿಲ್ಲ. ಅದೇ ದುರಾಸೆಯ ಸರಕು ಹೊತ್ತ ಎಷ್ಟೋ ಹಡಗುಗಳು ಸುಖವಾಗಿ ಊರು ಸೇರಿದವು. ಮುಳುಗಿದವರಲ್ಲಿ ತಪ್ಪೇನೂ ಮಾಡದ ನಾವಿಕರೂ, ಹೆಂಗಸರೂ, ಮಕ್ಕಳೂ, ಗುಲಾಮರೂ ಇದ್ದರು. ಸಿಲೋವಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಯೇಸುಸ್ವಾಮಿಯೇ ತಿಳಿಸಿದ್ದಾರೆ. ಹಡಗು ಮುಳುಗಿದ ಕಾರಣ ಸರಳ: ಹಣದ ಅವಸರಕ್ಕೆ ಹೊರಡಬಾರದ ಕಾಲದಲ್ಲಿ ಹೊರಡಿಸಿದರು. ಹಡಗಿನ ಮೇಲೆ ಬರೆದ ಹೆಸರನ್ನು ಗಾಳಿ ಓದುವುದಿಲ್ಲ. ಮಾತೆಯ ಹೆಸರು ಸರಕಿಗೆ ಕಾವಲಲ್ಲ. ಆಕೆ ಶಿಲುಬೆಯ ಬುಡದಲ್ಲಿ ನಿಂತವರು. ಮಗನ ಮರಣವನ್ನು ತಡೆಯಲಿಲ್ಲ, ಮಗನನ್ನು ಬಿಟ್ಟೂ ಹೋಗಲಿಲ್ಲ. ದಡ ಸೇರಿದವರ ಜೊತೆ ಆಕೆ ಇದ್ದಂತೆಯೇ ಮುಳುಗಿದವರ ಜೊತೆಯೂ ಇದ್ದರೆಂಬುದು ನಮ್ಮ ನಂಬಿಕೆ.

ಧರ್ಮಸಭೆಯ ಮಕ್ಕಳಾದ ನಾವು ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಬಿಟ್ಟಿ ದುಡಿಮೆಯ ಬೆಳ್ಳಿಯ ಮೇಲೆ ಮಾತೆಯ ಹೆಸರನ್ನೂ ಶಿಲುಬೆಯನ್ನೂ ಬರೆದವರು ನಮ್ಮವರೇ. ಆ ಜನರ ಪರ 1511ರಲ್ಲೇ ಪೀಠದಿಂದ ಗುಡುಗಿದ ದೊಮಿನಿಕನ್ ಗುರು ಮೊಂತೆಸಿನೊಸ್, ಅವರ ಸ್ವಾತಂತ್ರ್ಯವನ್ನು 1537ರಲ್ಲಿ ಸಾರಿದ ಜಗದ್ಗುರು ಮೂರನೇ ಪೌಲರು, ಗುಲಾಮರ ಹಡಗಿಗಿಳಿದ ಕ್ಲೇವರ್, ಇವರೂ ನಮ್ಮವರೇ. ಕ್ಲೇವರರು 1654ರ ಸೆಪ್ಟೆಂಬರ್ 8ರಂದು, ಮಾತೆಯ ಹಬ್ಬದ ದಿನವೇ ದೈವಾಧೀನರಾದರು. ಅವರ ಹಬ್ಬವನ್ನು ಮರುದಿನ, 9ರಂದು ಆಚರಿಸುತ್ತೇವೆ. ನಿಧಿ ಯಾವುದೆಂದು ಆ ಬಂದರಿನಲ್ಲಿ ಕಂಡುಕೊಂಡವರು ಅವರೊಬ್ಬರೇ ಇದ್ದರೇನೋ.

ಅತೋಚಾದ ಸರಕುಪಟ್ಟಿಯಲ್ಲಿ ಪ್ರತಿ ಬೆಳ್ಳಿ ಗಟ್ಟಿಗೂ ಸಂಖ್ಯೆಯಿತ್ತು, ತೂಕವಿತ್ತು, ಒಡೆಯನ ಗುರುತಿತ್ತು. ಅದಕ್ಕಾಗಿಯೇ 351 ವರ್ಷಗಳ ನಂತರವೂ ಒಂದು ಗಟ್ಟಿಯನ್ನು ಗುರುತು ಹಿಡಿಯಲಾಯಿತು. ಅದನ್ನು ಅಗೆದವನ ಹೆಸರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಇದನ್ನು ಓದಿದ ಸಂಜೆ ನಮಗೆ ಆ ಹಿರಿಯ ಮೀನುಗಾರರ ತಮ್ಮನ ನೆನಪಾಯಿತು. ಧರ್ಮಕೇಂದ್ರದ ಮೃತರ ಪುಸ್ತಕವನ್ನು ತೆರೆದು ನೋಡಿದೆವು. ದೇಹ ಸಿಗಲಿಲ್ಲ, ಸಮಾಧಿಯಾಗಲಿಲ್ಲ, ಆದ್ದರಿಂದ ಹೆಸರೂ ಬರೆದಿರಲಿಲ್ಲ.

ಅವರ ಮನೆಗೆ ಹೋಗಿ ಮೇಲಿನ ಮಾತುಗಳನ್ನೆಲ್ಲ ನಮಗೆ ತಿಳಿದಂತೆ ಹೇಳಿದೆವು. ಅವರು ತಲೆಯಾಡಿಸಿದರು, ಹೆಚ್ಚೇನೂ ಮಾತಾಡಲಿಲ್ಲ. ಆ ವರ್ಷ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ಬಲಿಪೂಜೆಯಲ್ಲಿ, ಆ ಊರಿನಿಂದ ಕಡಲಿಗೆ ಹೋಗಿ ಬಾರದೆ ಉಳಿದವರ ಹೆಸರುಗಳನ್ನು ಮನೆಮನೆಯಿಂದ ಕೇಳಿ ಬರೆದುಕೊಂಡು ಒಂದೊಂದಾಗಿ ಓದಿದೆವು. ಒಟ್ಟು ಹನ್ನೊಂದು ಹೆಸರುಗಳು. ತಮ್ಮನ ಹೆಸರು ಬಂದಾಗ ಮೂರನೆಯ ಸಾಲಿನಲ್ಲಿದ್ದ ಆ ಹಿರಿಯರು ಎದ್ದು ನಿಂತರು. ಕೊನೆಯ ಹೆಸರಿನವರೆಗೂ ನಿಂತೇ ಇದ್ದರು.

ನಿಮ್ಮ ಧರ್ಮಕೇಂದ್ರದಲ್ಲೂ ಹೀಗೆ ಬರೆಯದೆ ಉಳಿದ ಹೆಸರುಗಳಿರಬಹುದು. ಹಬ್ಬದ ದಿನ ಹೊಸ ತೆನೆಯನ್ನು ಮನೆಗೆ ತರುವಾಗ ಅವರ ಮನೆಯ ಕಡೆಗೂ ಒಮ್ಮೆ ಹೋಗಿ ಬನ್ನಿ. ಎಲ್ಲರಿಗೂ ಮಾತೆಯ ಜನನೋತ್ಸವದ ಶುಭಾಶಯಗಳು.